ಯಂತ್ರದ ಅಪ್ಪುಗೆ ಮತ್ತು ಕೈಯ ಸ್ಪರ್ಶ

ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಮನುಷ್ಯರನ್ನು ಅಪ್ಪಿಕೊಳ್ಳುವ ‘ಹಗ್ಗಿಬಾಟ್’ ಎಂಬ ಯಂತ್ರಮಾನವನನ್ನು ರೂಪಿಸಿದ್ದಾರೆ. ಅದರ ಮೈ ಮೃದು, ಬೆಚ್ಚಗೆ. ತೋಳುಗಳು ಎದುರಿನವರ ಗಾತ್ರವರಿತು ಬಳಸುತ್ತವೆ; ಅವರು ಬಿಡಿಸಿಕೊಳ್ಳಬಯಸಿದಾಗ ಸಡಿಲಗೊಳ್ಳುತ್ತವೆ. ಭಾವವಿಲ್ಲದ ಯಂತ್ರವು ಭಾವವನ್ನು ಮುಟ್ಟಿಸುವುದು ಹೇಗೆ?

ಉತ್ತರವು ನಮ್ಮ ಚರ್ಮದಲ್ಲಿದೆ. ರೋಮವಿರುವ ಚರ್ಮದಲ್ಲಿ ಮೃದುಸ್ಪರ್ಶವನ್ನು ಗ್ರಹಿಸುವ ಸೂಕ್ಷ್ಮ ನರತಂತುಗಳಿವೆ. ಬೆಚ್ಚಗಿನ ಕೈಯು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಅವು ಚೆನ್ನಾಗಿ ಸ್ಪಂದಿಸುತ್ತವೆ. ಈ ಲಯವನ್ನು ಯಂತ್ರವೂ ಅನುಕರಿಸಬಲ್ಲದು. ಸ್ಪರ್ಶನೇಂದ್ರಿಯವು ಎಲ್ಲ ಇಂದ್ರಿಯಗಳನ್ನೂ ವ್ಯಾಪಿಸಿ ಮನಸ್ಸಿನೊಡನೆ ಕೂಡಿದೆ ಎಂಬುದು ಚರಕಸಂಹಿತೆಯ ಅಭಿಪ್ರಾಯ.

ಆದರೆ ಮುಟ್ಟಿದವರ ನೋವು ಯಂತ್ರವನ್ನು ಕಲಕದು. ದೀಕ್ಷೆಯ ಹಸ್ತಮಸ್ತಕ ಸಂಯೋಗದಲ್ಲಿ ಗುರುವಿನ ಕೈ ಶಿಷ್ಯನ ಹೊಣೆಯನ್ನೂ ಹೊರುತ್ತದೆ. ಹೊಣೆ ಹೊರುವ ಈ ಗುಣವೇ ಮಾನವಸ್ಪರ್ಶದ ವಿಶೇಷ.

ನಮ್ಮ ಕೊತ್ತಗೆರೆ ಸೀಮೆಯಲ್ಲಿ ಮಕ್ಕಳು ಬೆಂಗಳೂರು ಸೇರಿ, ಒಂಟಿಯಾಗಿರುವ ಹಿರಿಯರಿದ್ದಾರೆ. ಅವರಿಗೆ ಮಾತ್ರೆಗಳು ತಲುಪುತ್ತವೆ, ಕೈಗಳು ತಲುಪುವುದಿಲ್ಲ. ಊರಿಗೆ ಬಂದ ಮಕ್ಕಳು ಹಿರಿಯರ ಒಪ್ಪಿಗೆ ಪಡೆದು, ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ತೋಳು, ಬೆನ್ನು, ಪಾದಗಳಿಗೆ ಹತ್ತು ನಿಮಿಷ ನಿಧಾನವಾಗಿ ಸವರಲಿ. ವಾತಶಮನಕ್ಕೆ ಅಭ್ಯಂಗವು ಶ್ರೇಷ್ಠ. ಜ್ವರ, ಅಜೀರ್ಣ, ಗಾಯಗಳಿದ್ದಾಗ ಇದು ವರ್ಜ್ಯ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಉಜ್ಜದೆ, ಕೂಡಲೇ ವೈದ್ಯರನ್ನು ಕಾಣಬೇಕು. ಪಾದದ ಎಣ್ಣೆಯನ್ನು ಒರೆಸಿದ ಬಳಿಕವೇ ಹಿರಿಯರನ್ನು ನಡೆಯಲು ಬಿಡಬೇಕು. ಜಾರಿ ಬಿದ್ದರೆ ಮೂಳೆ ಮುರಿದೀತು.

ಎಣ್ಣೆ ಹಚ್ಚುವಷ್ಟು ಹೊತ್ತು ಮೊಬೈಲನ್ನು ದೂರವಿಡಿ. ಕೈಯೊಡನೆ ಮನಸ್ಸೂ ಅಲ್ಲಿರಲಿ.