ಹೂಂ ಅಂದವರ ಮನಸ್ಸು

ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳನ್ನು ಕನ್ನಡಕ್ಕೆ ತರುವಾಗ ನನ್ನನ್ನು ಅತಿ ಹೆಚ್ಚು ಕಾಡಿದ್ದು ‘ಪ್ಲೇ ಅಲಾಂಗ್’ ಎಂಬ ಎರಡು ಸಣ್ಣ ಪದ. ಮನಸ್ಸಿನಲ್ಲಿ ಒಪ್ಪಿಗೆಯಿಲ್ಲದಿದ್ದರೂ ಸದ್ಯಕ್ಕೆ ಎದುರಿನವರ ಜೊತೆಗಿರುವಂತೆ ತೋರಿಸಿಕೊಳ್ಳುವುದು ಎಂದು ಅದರ ಅರ್ಥ.

1. ‘ಸಹಕರಿಸು’ ಎಂದು ಬರೆಯಬೇಡಿ. ನಾನು ಬರೆದಿದ್ದೆ. ಬಂದೂಕು ಹಿಡಿದವನ ಮುಂದೆ ನಾಯಕಿ ತಮ್ಮನ ಕಿವಿಯಲ್ಲಿ ಈ ಮಾತು ಹೇಳುತ್ತಾಳೆ. ಕರಡು ತಿದ್ದುತ್ತಿದ್ದ ಹಿರಿಯರು ಕೇಳಿದರು: “ಏನಮ್ಮಾ, ಅಕ್ಕನೂ ಕಳ್ಳರ ಕಡೆಯವಳೇನು?” ಒಂದೇ ಪದಕ್ಕೆ ಅವಳ ನಿಯತ್ತು ಹೋಗಿತ್ತು. “ಅವನು ಹೇಳಿದ್ದಕ್ಕೆಲ್ಲ ಹೂಂ ಅಂತಿರು” ಎಂದು ತಿದ್ದಿದೆವು.

2. ಒಂಟಿ ಪದ ಹುಡುಕಿ ಸೋತೆ. ನಮ್ಮ ‘ಹಾಗೆ’ಯೇ ಸಾಕು: ನಂಬಿದ ಹಾಗಿರು, ಒಪ್ಪಿದ ಹಾಗೆ ಮಾಡು, ಗೊತ್ತಿಲ್ಲದವಳ ಹಾಗೆ ಕೂತಿರು. ಮೊಮ್ಮಗಳು ಖಾಲಿ ಲೋಟದಲ್ಲಿ ‘ಕಾಫಿ’ ತಂದುಕೊಟ್ಟರೆ ಅಜ್ಜಿ ಉಫ್ ಎಂದು ಊದಿ ಕುಡಿಯುತ್ತಾರಲ್ಲ, ಅದೂ ಪ್ಲೇ ಅಲಾಂಗ್. ಅಲ್ಲಿರುವುದು ಅಕ್ಕರೆ. ‘ನಾಟಕವಾಡಿದರು’ ಎಂದು ಬರೆದರೆ ಅಜ್ಜಿಗೆ ಅನ್ಯಾಯ.

3. ಕೋಲೆ ಬಸವನನ್ನು ಇಲ್ಲಿಗೆ ಕರೆತರಬೇಡಿ. ಯಾರೇನೆಂದರೂ ತಲೆಯಾಡಿಸುವವನಿಗೆ ಸ್ವಂತ ನಿಲುವಿಲ್ಲ. ತಾಳ ಹಾಕುವವನಿಗೆ ಲಾಭದ ಮೇಲೆ ಕಣ್ಣು. ಪ್ಲೇ ಅಲಾಂಗ್ ಮಾಡುವವರು ನಿಲುವನ್ನು ಒಳಗೆ ಬಚ್ಚಿಟ್ಟುಕೊಂಡಿರುತ್ತಾರೆ. ‘ಪ್ಲೇ ಬಾಲ್’ ಇನ್ನೂ ಬೇರೆ. ಅದು ನಿಜವಾಗಿ ಕೈಜೋಡಿಸುವುದು.

4. ಪಾತ್ರದ ಕೈಯಲ್ಲಿ ಗಿಟಾರ್ ಇದ್ದರೆ ಇಷ್ಟೆಲ್ಲ ಯೋಚಿಸಬೇಕಿಲ್ಲ. ರೆಕಾರ್ಡಿನ ಜೊತೆ ನುಡಿಸುವುದಕ್ಕೂ ಇದೇ ಮಾತು.

5. ಬಚ್ಚಿಟ್ಟ ನಿಲುವು ಓದುವವರಿಗೆ ಕಾಣಿಸಲೇಬೇಕು. ಇದನ್ನು ಹೇಳುವಾಗ ನನಗೆ ಹ್ಯೂಬ್ ಲೌವರ್ಸ್ ನೆನಪಾಗುತ್ತಾರೆ. ಬ್ರಿಟನ್ನಿನ ಗುಪ್ತ ಸಂಸ್ಥೆ ಎಸ್‌ಒಇ ನೆದರ್ಲೆಂಡ್ಸಿಗೆ ಕಳಿಸಿದ್ದ ಡಚ್ ರೇಡಿಯೊ ಆಪರೇಟರ್ ಅವರು. 1942ರ ಮಾರ್ಚ್‌ನಲ್ಲಿ ಹೇಗ್ ನಗರದಲ್ಲಿ ಜರ್ಮನ್ನರಿಗೆ ಸಿಕ್ಕಿಬಿದ್ದರು. ಜರ್ಮನ್ನರು ಹೇಳಿದಂತೆ ಲಂಡನ್ನಿಗೆ ಸಂದೇಶ ಕಳಿಸಲು ಒಪ್ಪಿದರು. ಆದರೆ ತಾನು ಯಾರ ಕೈಗೂ ಸಿಕ್ಕಿಲ್ಲ ಎಂಬುದರ ಗುರುತಿಗೆ ಬೇಕೆಂದೇ ಮಾಡಬೇಕಿದ್ದ ತಪ್ಪನ್ನು ಮಾತ್ರ ಮಾಡಲಿಲ್ಲ. ಆ ಸುಳಿವನ್ನು ಲಂಡನ್ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಲಂಡನ್ ಪ್ಯಾರಾಶೂಟಿನಲ್ಲಿ ಕಳಿಸಿದ ಏಜೆಂಟರು ಒಬ್ಬರ ಹಿಂದೊಬ್ಬರು ಜರ್ಮನ್ನರ ಕೈಗೇ ಇಳಿದರು. ಅವರಲ್ಲಿ ಬಹಳ ಮಂದಿಯನ್ನು 1944ರಲ್ಲಿ ನಾಜಿಗಳ ಮೌಟ್‌ಹೌಸನ್ ಶಿಬಿರದಲ್ಲಿ ಕೊಲ್ಲಲಾಯಿತು.

ಇದನ್ನು ಓದಿದ ಮೇಲೆ ಅಂಥ ದೃಶ್ಯ ಬಂದಾಗಲೆಲ್ಲ, ಮೂಲದಲ್ಲಿರುವ ಒಂದು ತಡವರಿಕೆಯೂ ಬಿಟ್ಟುಹೋಗದಂತೆ ಎರಡು ಸಲ ತಾಳೆ ನೋಡುತ್ತೇನೆ.