‘ಶೈ’ ಅಂದರೆ ನಾಚಿಕೆಯೋ, ಸಂಕೋಚವೋ?

ಪ್ರಶ್ನೆ: ಮಗಳ ಪ್ರಗತಿ ಪತ್ರದಲ್ಲಿ ಟೀಚರ್ ‘ಶೈ’ ಎಂದು ಬರೆದಿದ್ದಾರೆ. ‘ನಾಚಿಕಿ ಸ್ವಭಾವ’ ಅಂತ ಅವರಜ್ಜಿಗೆ ಹೇಳಿದೆ. ‘ನಾಚಿಕಿ ಪಡೂವಂಥಾದ್ದು ಏನ್ ಮಾಡೇತಿ ಕೂಸು?’ ಎಂದು ಸಿಟ್ಟಾದರು. ಸರಿಯಾದ ಪದ ಯಾವುದು?
– ಓದುಗರು, ಕಲಘಟಗಿ

ಉತ್ತರ: ಅಜ್ಜಿಯ ಸಿಟ್ಟು ನ್ಯಾಯವಾದದ್ದೇ. ‘ಸಂಕೋಚದ ಸ್ವಭಾವ’ ಅನ್ನಿ, ಸಾಕು.

‘ನಾಚಿಕೆ’ಯ ಬೇರು ಹಳಗನ್ನಡದ ‘ನಾಣ್’. ತಮಿಳಿನಲ್ಲೂ ಅದೇ ಇದೆ. ಲಜ್ಜೆ, ಮಾನ ಎರಡೂ ಅದರೊಳಗೇ ಸೇರಿಕೊಂಡಿವೆ. ‘ಒಡಪು ಹೇಳವ್ವಾ’ ಎಂದು ಮುತ್ತೈದೆಯರು ಸುತ್ತುವರಿದಾಗ ಹೊಸ ಸೊಸೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಾಚುತ್ತಾಳೆ, ಎಲ್ಲರಿಗೂ ಖುಷಿ. ಅದೇ ಸೊಸೆಗೆ ‘ನಾಚಿಕಿ ಆಗಬೇಕು ನಿನಗ’ ಅಂದು ನೋಡಿ, ತವರಿಗೆ ಸುದ್ದಿ ಮುಟ್ಟುತ್ತದೆ! ‘ನಂಗ ನಾಚಿಕಿ ಬರತೈತಿ’ ಎಂಬುದು ಇವೆರಡರ ನಡುವಿನದು. ಹೇಳುವವರ ದನಿ ಕೇಳದೆ ಅರ್ಥ ಹಿಡಿಯುವುದು ಕಷ್ಟ.

ನಿಮ್ಮ ಕಡೆ ‘ಭಿಡೆ’ಯೂ ಉಂಟು, ಮರಾಠಿಯ ನಂಟಿನ ಪದ. ಎಲೆಗೆ ಕೈ ಅಡ್ಡ ಹಿಡಿದು ‘ಸಾಕ್ರೀ ಸಾಕು’ ಅನ್ನುವ ಬೀಗರಿಗೆ ‘ಭಿಡೆ ಮಾಡಬ್ಯಾಡ್ರಿ’ ಎನ್ನುತ್ತ ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸುತ್ತಾರೆ. ಇಲ್ಲ ಅನ್ನಲಾಗದೆ ಸಾಲ ಕೊಟ್ಟು ಕೈಸುಟ್ಟುಕೊಂಡವರು ‘ಭಿಡೇಕ್ಕ ಬಿದ್ದು ಕೊಟ್ಟೆ’ ಎನ್ನುತ್ತಾರೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ಇಂಥವರಿಗೇ. ಆದರೆ ಮಗುವಿಗೆ ಯಾರ ಭಿಡೆ? ಈ ಪದ ದೊಡ್ಡವರಿಗೇ ಇರಲಿ.

ಇಂಗ್ಲಿಷಿನ ‘ಶೈ’ ಹುಟ್ಟಿದ್ದು ಮಾನದಿಂದಲ್ಲ, ಅಂಜಿಕೆಯಿಂದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಸುಲಭವಾಗಿ ಬೆಚ್ಚುವ ಸ್ವಭಾವದ್ದು ಎಂದರ್ಥ. ಕುದುರೆ ಬೆದರಿ ತಟ್ಟನೆ ಪಕ್ಕಕ್ಕೆ ಸರಿದರೆ ಇಂದಿಗೂ ಅದೇ ಕ್ರಿಯಾಪದ. ಹೀಗಾಗಿ ‘ಹೊಸಬರನ್ನ ಕಂಡರ ಅಂಜತೈತಿ’ ಎಂದು ಅಜ್ಜಿಗೆ ಹೇಳಿದ್ದರೆ ಟೀಚರ್ ಮಾತಿಗೆ ಇನ್ನೂ ಹತ್ತಿರವಾಗುತ್ತಿತ್ತು.

ಬದುವಿನ ಮೇಲಿನ ನಾಚಿಕೆಮುಳ್ಳಿಗೂ ಇದೇ ಫಜೀತಿ. 1753ರಲ್ಲಿ ಸಸ್ಯವಿಜ್ಞಾನಿ ಲಿನಿಯಸ್ ಅದನ್ನು ‘ಮಿಮೋಸಾ ಪುಡಿಕಾ’ ಎಂದ. ಲ್ಯಾಟಿನ್‌ನಲ್ಲಿ ಪುಡಿಕಾ ಅಂದರೆ ಲಜ್ಜೆಯುಳ್ಳದ್ದು. ನಮ್ಮವರು ಅಷ್ಟಕ್ಕೇ ಬಿಡದೆ ‘ಮುಟ್ಟಿದರೆ ಮುನಿ’ ಎಂದೂ ಕರೆದು ಅದಕ್ಕೆ ಸಿಟ್ಟನ್ನೂ ಹೊರಿಸಿದರು. ಎಲೆಯ ಬುಡದ ಗಂಟಿನ ಜೀವಕೋಶಗಳಿಂದ ನೀರು ಸರಿದು ಎಲೆ ಮಡಚುತ್ತದೆ, ಅಷ್ಟೆ. ಪಾಪದ ಗಿಡ.

ಇನ್ನು ಕ್ರಿಕೆಟ್ ಕಾಮೆಂಟರಿಯಲ್ಲಿ ‘ಶೈ’ ಎಂಬ ಪದ ಕೇಳಿದರೆ ಸಂಕೋಚವನ್ನು ಹುಡುಕಬೇಡಿ. ಫೀಲ್ಡರ್ ಸ್ಟಂಪಿಗೆ ಗುರಿಯಿಟ್ಟು ಚೆಂಡು ಬೀಸಿದರೆ ಅದೂ ‘ಶೈ’, ಅಂದರೆ ಎಸೆತ. ಬ್ಯಾಟರ್ 97ಕ್ಕೆ ಔಟಾದರೆ ನೂರಕ್ಕೆ ಮೂರು ರನ್ ‘ಶೈ’, ಅಂದರೆ ಕಡಿಮೆ.