ಮಾತ್ರೆ ಬಿಡಬೇಡಿ, ಚೀಟಿ ಬರೆಸಿಕೊಳ್ಳಿ

ಕೈಯಲ್ಲಿ ದುಡ್ಡು ಕಡಿಮೆ ಇರುವ ಹಿರಿಯರು ತಿಂಗಳ ಕೊನೆಯ ವಾರದಲ್ಲಿ ಮಾಡುವ ಒಂದು ಉಳಿತಾಯವನ್ನು ಮೊದಲು ನಿಲ್ಲಿಸಬೇಕು. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದು, ಶುಗರ್ ಮಾತ್ರೆಯನ್ನು ಮುರಿದು ಎರಡು ಹೊತ್ತಿಗೆ ಹಂಚುವುದು, ‘ಈಗ ಆರಾಮಾಗಿದ್ದೀನಲ್ಲ’ ಎಂದು ಪಿಂಚಣಿ ಬರುವ ತನಕ ಪೂರ್ತಿ ಬಿಟ್ಟುಬಿಡುವುದು. ಕಾರಣ ಎಲ್ಲರಿಗೂ ಗೊತ್ತಿರುವುದೇ. ಸಂಧ್ಯಾ ಸುರಕ್ಷಾದಲ್ಲಿ ಬರುವುದು ತಿಂಗಳಿಗೆ 1,200 ರೂಪಾಯಿ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರಿಗೆ ಇಪಿಎಸ್–95ರ ಕನಿಷ್ಠ ಪಿಂಚಣಿಯಾಗಿ 2014ರಲ್ಲಿ ನಿಗದಿಯಾದದ್ದು 1,000 ರೂಪಾಯಿ. ಅಕ್ಕಿ ಪಡಿತರದಲ್ಲಿ ಸಿಗುತ್ತದೆ, ಹೆಂಗಸರಿಗೆ ಬಸ್ಸು ಉಚಿತ, ಆದರೆ ಮಾತ್ರೆಯ ಬಿಲ್ಲಿಗೆ ಅಂಥ ಆಸರೆ ಇಲ್ಲವೆಂದು ಜನ ತಿಳಿದಿದ್ದಾರೆ. ಹಾಗಾಗಿ ಕತ್ತರಿ ಅಲ್ಲಿಗೇ ಬೀಳುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಎದೆನೋವು, ಹೃದಯಾಘಾತ ಕೂಡ ಆಗಬಹುದು. ಬಿಪಿ ಏರಿದ್ದು ಬಹಳ ಸಲ ಮೈಗೆ ಗೊತ್ತೇ ಆಗುವುದಿಲ್ಲ. ಕಡಿಮೆ ಮಾಡಬೇಕಾದ್ದು ಮಾತ್ರೆಯ ಬೆಲೆಯನ್ನು, ಮಾತ್ರೆಯನ್ನಲ್ಲ. ಅದಕ್ಕೆ ದಾರಿ ಇದೆ. ಆದರೆ ಆ ದಾರಿ ಔಷಧ ಅಂಗಡಿಯಲ್ಲಿ ಶುರುವಾಗುವುದಿಲ್ಲ, ಡಾಕ್ಟರ ಮೇಜಿನ ಮುಂದೆ ಶುರುವಾಗುತ್ತದೆ. ಎಡವುವುದು ಇಲ್ಲೇ.

ಮನೆಯಲ್ಲಿರುವ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರುತ್ತದೆ: ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್, ಮೆಟ್‌ಫಾರ್ಮಿನ್, ಅಟೋರ್ವಾಸ್ಟಾಟಿನ್, ಹೀಗೆ. 2018ರಿಂದ ಈ ಮೂಲ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ನಿಮ್ಮ ಎಲ್ಲ ಮಾತ್ರೆಗಳ ಮೂಲ ಹೆಸರು, ಪ್ರಮಾಣ, ಹೊತ್ತು ಮೂರನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಂದ ಬರೆಸಿ. ಆ ಹಾಳೆಯನ್ನು ಮುಂದಿನ ಸಲ ಡಾಕ್ಟರ ಬಳಿಗೆ ಒಯ್ಯಿರಿ. ಮೂಲ ಹೆಸರಿನ ಮಾತ್ರೆಗಳನ್ನು ಅಗ್ಗಕ್ಕೆ ಕೊಡುವ ಜನೌಷಧಿ ಕೇಂದ್ರಕ್ಕೆ ನೇರವಾಗಿ ಹಳೆಯ ಚೀಟಿ ಹಿಡಿದುಕೊಂಡು ಹೋದರೆ ‘ಇದು ನಮ್ಮಲ್ಲಿ ಇಲ್ಲ’ ಎನ್ನುತ್ತಾರೆ, ಜನ ಬೇಸತ್ತು ವಾಪಸಾಗುತ್ತಾರೆ. ಅದು ಅಸಡ್ಡೆಯ ಮಾತಲ್ಲ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ, ಅದೇ ಔಷಧವೇ ಆಗಿದ್ದರೂ ಬೇರೆ ಕಂಪನಿಯದನ್ನು ಅಂಗಡಿಯವರು ತಾವಾಗಿ ಬದಲಿಸಿ ಕೊಡಲು 1945ರ ಔಷಧ ನಿಯಮಗಳು ಬಿಡುವುದಿಲ್ಲ. ಚೀಟಿಯಲ್ಲಿ ಮೂಲ ಹೆಸರು ಬಂದರೆ ಮಾತ್ರ ಅವರ ಕೈ ಬಿಚ್ಚುತ್ತದೆ.

ಡಾಕ್ಟರನ್ನು ಹೀಗೆ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಅಳುಕು ಹಳೆಯ ತಲೆಮಾರಿನವರಲ್ಲಿ ಬಹಳ. ‘ಡಾಕ್ಟ್ರೇ, ಇವನ್ನು ಮೂಲ ಹೆಸರಲ್ಲಿ ಬರೆದುಕೊಡ್ತೀರಾ, ಜನೌಷಧಿಯಲ್ಲಿ ತಗೋತೀನಿ, ತಿಂಗಳ ಖರ್ಚು ಕಷ್ಟ ಆಗ್ತಿದೆ’ ಎಂದು ನೇರವಾಗಿ ಹೇಳಿ. ಖರ್ಚಿನ ಕಷ್ಟ ಹೇಳಿಕೊಳ್ಳುವುದು ಅವಮಾನವಲ್ಲ. ಮಾತ್ರೆ ಬಿಟ್ಟ ವಿಷಯ ಮುಚ್ಚಿಟ್ಟರೆ ಅವರು ಬಿಪಿ ಏರಿದೆಯೆಂದು ಇನ್ನೊಂದು ಮಾತ್ರೆ ಸೇರಿಸುತ್ತಾರೆ, ಬಿಲ್ಲು ಮತ್ತೂ ಏರುತ್ತದೆ. ಮೂಲ ಹೆಸರಿನಲ್ಲೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ತಂದ ನಿಯಮವನ್ನು ಅದೇ ತಿಂಗಳು ತಡೆಹಿಡಿಯಲಾಯಿತು. ಆದ್ದರಿಂದ ಡಾಕ್ಟರು ತಾವಾಗಿಯೇ ಬರೆಯುತ್ತಾರೆಂದು ಕಾಯುವಂತಿಲ್ಲ. ಕೇಳುವ ಕೆಲಸ ನಿಮ್ಮದೇ. ಫಿಟ್ಸ್‌ನ ಫೆನಿಟಾಯಿನ್, ರಕ್ತ ತೆಳುವಾಗಿಸುವ ವಾರ್ಫರಿನ್, ಥೈರಾಯ್ಡ್ ಮಾತ್ರೆ, ಇವುಗಳ ಕಂಪನಿ ಬದಲಾದರೆ ರಕ್ತಪರೀಕ್ಷೆ ಬೇಕಾಗಬಹುದು. ಇವನ್ನು ಬದಲಿಸಬೇಕೇ ಬೇಡವೇ ಎಂಬುದನ್ನು ಡಾಕ್ಟರಿಗೇ ಬಿಡಿ.

ಅಗ್ಗದ್ದು ಕೆಲಸ ಮಾಡುತ್ತದೆಯೇ ಎಂಬ ಅನುಮಾನ ಎಲ್ಲರದೂ, ಅದರಲ್ಲಿ ತಪ್ಪೂ ಇಲ್ಲ. ಆದರೆ ಅಗ್ಗವಾಗುವುದು ಯಾಕೆಂದು ನೋಡಬೇಕು. ಜಾಹೀರಾತು, ಪ್ರತಿನಿಧಿಗಳ ಓಡಾಟ, ಬ್ರ್ಯಾಂಡ್ ಹೆಸರಿನ ಲಾಭ ಇವೆಲ್ಲ ಬೆಲೆಯಿಂದ ಕಳಚಿಹೋಗುತ್ತವೆ. 2008ರಲ್ಲಿ ಶುರುವಾದ ಜನೌಷಧಿಯಲ್ಲಿ, ಹೆಚ್ಚು ಮಾರಾಟವಾಗುವ ಮೂರು ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧವನ್ನು ದಾಟುವಂತಿಲ್ಲ ಎಂಬುದೇ ಬೆಲೆ ಕಟ್ಟುವ ಸೂತ್ರ; ಹಲವು ಔಷಧಗಳು ಅದಕ್ಕಿಂತಲೂ ಕಡಿಮೆಗೆ ಸಿಗುತ್ತವೆ. ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಕೇಂದ್ರಗಳಿಗೆ ಕಳಿಸುತ್ತಾರೆ. ಇಷ್ಟಾದ ಮೇಲೂ ಎಲ್ಲೋ ಒಂದು ಬ್ಯಾಚು ಕೆಡಲಾರದು ಎಂದಲ್ಲ, ಕೆಡಬಹುದು. ದುಬಾರಿ ಬ್ರ್ಯಾಂಡುಗಳ ಬ್ಯಾಚುಗಳೂ ಪರೀಕ್ಷೆಯಲ್ಲಿ ಬಿದ್ದದ್ದುಂಟು. ಅನುಮಾನ ಕಳೆದುಕೊಳ್ಳಲು ಬೇರೆಯವರ ಮಾತಿಗಿಂತ ನಿಮ್ಮದೇ ಬಿಪಿ, ಶುಗರ್ ಲೆಕ್ಕ ಒಳ್ಳೆಯದು. ಬದಲಿಸುವ ಮುಂಚಿನ ವಾರ ಒಮ್ಮೆ, ಬದಲಿಸಿ ಎರಡು–ಮೂರು ವಾರವಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಅದೇ ಹಾಳೆಯಲ್ಲಿ ಬರೆದಿಡಿ. ಬೇಕಾದ ಔಷಧ ಅಲ್ಲಿ ಸಿಗುವುದಿಲ್ಲ ಎನ್ನುವವರೂ ಇದ್ದಾರೆ, ಒಮ್ಮೊಮ್ಮೆ ನಿಜವೇ. ಐದರಲ್ಲಿ ಮೂರು ಸಿಕ್ಕರೆ ಮೂರನ್ನು ತನ್ನಿ. ಪಟ್ಟಿ ಖಾಲಿಯಾಗುವ ದಿನ ಓಡದೆ ಹತ್ತು ದಿನ ಮುಂಚೆ ಹೋಗಿ, ಇಲ್ಲದ್ದನ್ನು ತರಿಸಿಡಲು ಹೇಳಿ ಬನ್ನಿ.

ಈಗ ಅತಿ ಮುಖ್ಯವಾದ ಅಪಾಯ. ಇದನ್ನು ಎರಡು ಸಲ ಓದಿ, ಮನೆಯವರಿಗೂ ಓದಿ ಹೇಳಿ. ಹೊಸ ಮಾತ್ರೆ ಶುರು ಮಾಡಿದ ಮೇಲೆ ಹಳೆಯದನ್ನು ನುಂಗಬಾರದು ಎಂಬುದು ಡಾಕ್ಟರಿಗೂ ಅಂಗಡಿಯವರಿಗೂ ಹೇಳಬೇಕಾಗಿಯೇ ಇಲ್ಲದ ಮಾತು ಅನ್ನಿಸುತ್ತದೆ, ಹಾಗಾಗಿ ಯಾರೂ ಹೇಳುವುದಿಲ್ಲ. ಹಿರಿಯರು ಮಾತ್ರೆಯನ್ನು ಗುರುತಿಸುವುದು ಬಣ್ಣದಿಂದ, ಆಕಾರದಿಂದ: ‘ಬೆಳಿಗ್ಗೆಯ ಗುಲಾಬಿ ಮಾತ್ರೆ’, ‘ಊಟದ ಮುಂಚಿನ ಸಣ್ಣದು’. ಮೂಲ ಹೆಸರಿನ ಮಾತ್ರೆ ಬಿಳಿಯಾಗಿ ಬಂದರೆ ಅದು ಅವರ ಲೆಕ್ಕದಲ್ಲಿ ಹೊಸ ಔಷಧ. ದುಡ್ಡು ಕೊಟ್ಟು ತಂದ ಗುಲಾಬಿಯನ್ನು ಎಸೆಯಲು ಮನಸ್ಸಿಲ್ಲ, ಎರಡನ್ನೂ ನುಂಗುತ್ತಾರೆ. ಬಿಪಿ ಮಾತ್ರೆ ಹೀಗೆ ದುಪ್ಪಟ್ಟಾದರೆ ರಾತ್ರಿ ಎದ್ದು ನಿಂತಾಗ ತಲೆ ಸುತ್ತಿ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ವರ್ಷಗಳ ಉಳಿತಾಯ ಒಂದೇ ಆಪರೇಷನ್ನಿಗೆ ಹೋಗುತ್ತದೆ. ಗ್ಲಿಮೆಪಿರೈಡ್ ದುಪ್ಪಟ್ಟಾದರೆ ಶುಗರ್ ಇಳಿದು ಬೆವರು, ನಡುಕ, ಅಸಂಬದ್ಧ ಮಾತು. ಅದನ್ನು ವಯಸ್ಸಿನ ಮರೆವೆಂದು ಮನೆಯವರು ಕಡೆಗಣಿಸುವುದೂ ಉಂಟು. ಇದರ ಇನ್ನೊಂದು ರೂಪ ಜೋಡಿ ಮಾತ್ರೆಗಳದು. ಬ್ರ್ಯಾಂಡ್ ಹೆಸರಿನ ಕೊನೆಗಿರುವ ‘ಎಎಂ’, ‘ಎಚ್’, ‘ಎಂ’ ಅಕ್ಷರಗಳು ಅಲಂಕಾರಕ್ಕೆ ಇಟ್ಟವಲ್ಲ. ಸಾಮಾನ್ಯವಾಗಿ ಅದರೊಳಗೆ ಆಮ್ಲೋಡಿಪಿನ್, ಮೂತ್ರ ಹೆಚ್ಚಿಸುವ ಔಷಧ ಅಥವಾ ಮೆಟ್‌ಫಾರ್ಮಿನ್ ಸೇರಿದೆ ಎಂದರ್ಥ. ಚೀಟಿಯಲ್ಲಿ ಜೋಡಿ ಮಾತ್ರೆ ಇರುವಾಗ ಆಮ್ಲೋಡಿಪಿನ್ ಬಿಡಿಯಾಗಿಯೂ ಬಂದರೆ ಎರಡು ಸಲ ತೆಗೆದುಕೊಂಡಂತೆ. ಹಾಗೆಯೇ ಮೆಟೊಪ್ರೊಲಾಲ್ ಸಕ್ಸಿನೇಟ್ ದಿನಕ್ಕೊಮ್ಮೆಯದು, ಟಾರ್ಟ್ರೇಟ್ ಎರಡು ಹೊತ್ತಿನದು. ಮೆಟ್‌ಫಾರ್ಮಿನ್‌ನಲ್ಲಿ ಸಾದಾ ಬೇರೆ, ‘ಎಸ್‌ಆರ್’ ಬೇರೆ, ಎಸ್‌ಆರ್ ಮಾತ್ರೆಯನ್ನು ಜಜ್ಜಿ ಪುಡಿ ಮಾಡಬಾರದು. ಆದ್ದರಿಂದ ಹೊಸ ಮಾತ್ರೆ ತಂದ ದಿನವೇ ಹಳೆಯ ಪಟ್ಟಿ, ಹೊಸ ಪಟ್ಟಿ, ಬರೆದಿಟ್ಟ ಹಾಳೆ ಮೂರನ್ನೂ ಪಕ್ಕಪಕ್ಕ ಇಟ್ಟು, ಮೂಲ ಹೆಸರಿನ ಒಂದೊಂದು ಅಕ್ಷರ, ಮಿಲಿಗ್ರಾಂ ಸಂಖ್ಯೆ ತಾಳೆ ನೋಡಿ. ಹೊಂದಿದರೆ ಮೊದಲು ಹಳೆಯದನ್ನು ಪೂರ್ತಿ ಮುಗಿಸಿ, ಆಮೇಲೆ ಹೊಸದನ್ನು ಶುರು ಮಾಡಿ. ಅಲ್ಲಿಯವರೆಗೆ ಹೊಸದು ಕಪಾಟಿನಲ್ಲಿರಲಿ. ಒಂದೇ ಡಬ್ಬದಲ್ಲಿ ಎರಡೂ ಬೇಡ. ಟೆಲ್ಮಿಸಾರ್ಟಾನ್ ತೇವ ಹೀರುವ ಮಾತ್ರೆ. ಅದನ್ನು ವಾರಕ್ಕಾಗುವಷ್ಟು ಬಿಡಿಸಿ ಡಬ್ಬಕ್ಕೆ ಹಾಕಬಾರದು.

ಮಕ್ಕಳು ಮೊಬೈಲಿನಲ್ಲಿ ಶೇಕಡಾ 20 ರಿಯಾಯಿತಿಗೆ ತರಿಸಿಕೊಡುತ್ತಾರಲ್ಲ ಎನ್ನಬಹುದು. ದುಬಾರಿ ಬ್ರ್ಯಾಂಡಿನ ಬೆಲೆಯಲ್ಲಿ ಶೇಕಡಾ 20 ಕಳೆದರೂ ಜನೌಷಧಿ ಬೆಲೆಯ ಹತ್ತಿರ ಬರುವುದಿಲ್ಲ. ಬೀದಿ ಕೊನೆಯ ಮೆಡಿಕಲ್ಸ್‌ನಲ್ಲಿ ಪಿಂಚಣಿ ಬರುವ ತನಕ ಉದ್ರಿ ಸಿಗುತ್ತದೆ ಎಂಬುದು ಹೆಚ್ಚು ತೂಕದ ಮಾತು. ಆ ಲೆಕ್ಕವನ್ನು ಒಮ್ಮೆಲೇ ಮುರಿಯದೆ, ಬೆಲೆ ಹೆಚ್ಚಿರುವ ಎರಡು ಮಾತ್ರೆಗಳನ್ನು ಮೊದಲು ಬದಲಿಸಿ, ಉಳಿದ ದುಡ್ಡಿನಲ್ಲಿ ಬಾಕಿ ತೀರಿಸುತ್ತ ಬನ್ನಿ. ಬಿಲ್ಲಿನಲ್ಲಿ ನಿಜವಾಗಿ ಕಡಿಮೆ ಮಾಡಬಹುದಾದ ಸಾಲುಗಳು ಬೇರೆಯೇ ಇರುತ್ತವೆ: ಟಾನಿಕ್ಕು, ಪ್ರೋಟೀನ್ ಪುಡಿ, ಎಂದೋ ಶುರುವಾಗಿ ನಿಲ್ಲದೇ ಹೋದ ಗ್ಯಾಸ್ ಮಾತ್ರೆ. ಇವು ಇನ್ನೂ ಬೇಕೇ ಎಂದು ಡಾಕ್ಟರನ್ನು ಕೇಳಿ. ಮಂಡಿನೋವಿಗೆ ಚೀಟಿಯಿಲ್ಲದೆ ತರುವ ನೋವಿನ ಮಾತ್ರೆಯನ್ನಂತೂ ಬಿಡಿ. ಬಿಪಿಯ ಕೆಲವು ಮಾತ್ರೆಗಳ ಜೊತೆ ಅದು ಮೂತ್ರಪಿಂಡವನ್ನು ಹಾಳು ಮಾಡಬಹುದು.

ದುಡ್ಡು ಕೊಡದೆಯೇ ಮಾತ್ರೆ ಸಿಗುವ ಜಾಗಗಳೂ ಇವೆ. ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್, ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಶುಗರಿನ ಸಾಮಾನ್ಯ ಮಾತ್ರೆಗಳು ಉಚಿತ. ಹೆಸರು ನೋಂದಾಯಿಸಿ ತಿಂಗಳ ಕಾರ್ಡು ಕೇಳಿ ಪಡೆಯಿರಿ. ಕೋಲಾರ ಜಿಲ್ಲೆಯಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ತಪಾಸಣೆ ಮಾಡಿ ಔಷಧ ಕೊಡುತ್ತಾರೆ, ನಿಮ್ಮ ಊರಿನ ಸರದಿ ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಎಲ್ಲಿಗೆ ಹೋದರೂ ಆ ಹಾಳೆ ಕೈಯಲ್ಲಿರಲಿ, ಇನ್ನೊಂದು ಪ್ರತಿ ಮಗನ ಅಥವಾ ಮಗಳ ಬಳಿ ಇರಲಿ.